ಮದ್ದು ಆಸ್ಪತ್ರೆಯಲ್ಲಿ, ಆರೈಕೆ ನಮ್ಮ ಕೇರಿಯಲ್ಲಿ

ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ರೋಗವೊಂದರ ಕುರಿತು ಪಾಠವೇಕೆ ಎಂದು ಕೆಲವು ಓದುಗರಿಗಾದರೂ ಅನ್ನಿಸಬಹುದು. ಅಕ್ಷರ ಕಲಿಸುವುದಷ್ಟೇ ಶಾಲೆಯ ಕಾರ್ಯವಲ್ಲ. ಕಷ್ಟದಲ್ಲಿರುವ ನೆರೆಯವರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದೂ ಅಲ್ಲಿ ಕಲಿಯಬೇಕಾದ ವಿದ್ಯೆಯೇ. ಎಚ್.ಐ.ವಿ.ಯ ವಿಷಯದಲ್ಲಿ ಆ ವಿದ್ಯೆ ನಮಗಿನ್ನೂ ಪೂರ್ಣವಾಗಿ ಕೈಗೂಡಿಲ್ಲ.

ನಡೆದು ಬಂದ ದಾರಿ

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು ನಮ್ಮ ರಾಜ್ಯದಲ್ಲಿಯೇ. 1986ರಲ್ಲಿ ಮದ್ರಾಸು ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಅವರು ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ ಅದು ಕಂಡುಬಂದಿತು. 1994ರಲ್ಲಿ ತಮಿಳುನಾಡು ರಾಜ್ಯ ಏಡ್ಸ್ ನಿಯಂತ್ರಣ ಸಂಘ ಸ್ಥಾಪನೆಯಾಯಿತು. ಆದರೆ ಅಂದು ಬಡವರ ಕೈಗೆ ಎಟುಕುವ ಔಷಧವಿರಲಿಲ್ಲ. ರೋಗಿಗೆ ಗಂಜಿ ಕುಡಿಸುವ, ಹುಣ್ಣು ತೊಳೆಯುವ, ಪಕ್ಕದಲ್ಲಿ ಕುಳಿತುಕೊಳ್ಳುವ ಕೈಗಳೇ ಚಿಕಿತ್ಸೆಯಾಗಿದ್ದವು. ತೇನಿ ಸೀಮೆಯ ಆಂಡಿಪಟ್ಟಿಯಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿ ತೊಡಗಿದ್ದ ಆರೋಗ್ಯ ಅಗಂ ಸಂಸ್ಥೆಯು ಕ್ಷಯರೋಗಿಗಳನ್ನೂ ಎಚ್.ಐ.ವಿ. ಸೋಂಕಿತರನ್ನೂ ತನ್ನ ಆರೈಕೆಗೆ ತೆಗೆದುಕೊಂಡಿತು. ಸಮಾಜವು ದೂರವಿಟ್ಟವರ ಬಳಿಗೆ ಹೋಗಿ ರೂಢಿಯಿದ್ದವರಿಗೆ ಇದು ಹೊಸ ದಾರಿಯೇನೂ ಆಗಿರಲಿಲ್ಲ.

ಸೋಂಕಿತರು ತಾವೇ ಸಂಘಟಿತರಾದುದು ಇನ್ನೊಂದು ಮುಖ್ಯ ಹೆಜ್ಜೆ. 1998ರಲ್ಲಿ ಪಿ. ಕೌಸಲ್ಯಾ ಮೊದಲಾದ ಸೋಂಕಿತ ಮಹಿಳೆಯರು ಚೆನ್ನೈಯಲ್ಲಿ ತಮ್ಮದೇ ಸಂಘಟನೆಯನ್ನು ಕಟ್ಟಿದರು. 2004ರ ಏಪ್ರಿಲ್ 1ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎ.ಆರ್.ಟಿ. ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ಕಾರ್ಯಕ್ರಮ ಆರಂಭವಾಯಿತು. 2017ರಿಂದ, ಸೋಂಕು ದೃಢಪಟ್ಟ ಎಲ್ಲರಿಗೂ ತಡಮಾಡದೆ ಚಿಕಿತ್ಸೆ ನೀಡುವುದೇ ದೇಶದ ನೀತಿಯಾಗಿದೆ.

ಒಂದು ಸಣ್ಣ ಲೆಕ್ಕ

ಈ ಮಾತ್ರೆಗಳು ವೈರಾಣುವನ್ನು ಕೊಲ್ಲುವುದಿಲ್ಲ. ಅದು ಬೆಳೆಯದಂತೆ ತಡೆಯುತ್ತವೆ. ಆದುದರಿಂದ ಬದುಕಿರುವವರೆಗೂ ದಿನ ತಪ್ಪದೆ ಸೇವಿಸಬೇಕು. ನೂರರಲ್ಲಿ 95 ಪಾಲಾದರೂ ತಪ್ಪಬಾರದೆಂದು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ದಿನಕ್ಕೊಂದು ಮಾತ್ರೆಯಂತೆ ತಿಂಗಳ 30ರಲ್ಲಿ 2 ತಪ್ಪಿದರೂ ಈ ಮಟ್ಟದಿಂದ ಕೆಳಗಿಳಿದಂತೆಯೇ. ಮಾತ್ರೆಯನ್ನು ಪದೇ ಪದೇ ಬಿಟ್ಟರೆ ವೈರಾಣು ಔಷಧಕ್ಕೆ ಬಗ್ಗದಂತಾಗಬಹುದು. ತಪ್ಪದೆ ಸೇವಿಸಿದವರ ರಕ್ತದಲ್ಲಿ ಅದು ಪರೀಕ್ಷೆಗೂ ಸಿಗದಷ್ಟು ತಗ್ಗುತ್ತದೆ. ಆ ಸ್ಥಿತಿಯನ್ನು ಕಾಯ್ದುಕೊಂಡವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಚಿಕಿತ್ಸೆಯಿಲ್ಲದೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ 15ರಿಂದ 45. ಸಕಾಲದ ಚಿಕಿತ್ಸೆಯಿಂದ ಅದು 5ಕ್ಕಿಂತ ಕೆಳಗಿಳಿಯುತ್ತದೆ.

ಆ ಒಂದು ಮಾತ್ರೆ ಏಕೆ ತಪ್ಪುತ್ತದೆ?

ಕಂಬಂ ಕಣಿವೆಯ ಹಳ್ಳಿಯೊಂದರ ಸೊಸೆಯೊಬ್ಬಳನ್ನು ಊಹಿಸಿಕೊಳ್ಳೋಣ. ನಸುಕಿನಲ್ಲಿ ಜೀಪು ಹತ್ತಿ ಗಡಿಯಾಚೆಯ ಇಡುಕ್ಕಿಯ ಏಲಕ್ಕಿ ತೋಟಕ್ಕೆ ಕೂಲಿಗೆ ಹೋಗುವವಳು. ಮಾತ್ರೆ ತರಲು ತೇನಿಯ ಕಡೆಗೆ ಹೋದರೆ ಅಂದಿನ ಕೂಲಿ ಹೋಯಿತು. ಎಲ್ಲಿಗೆ ಹೋಗಿದ್ದೆ ಎಂದು ಜೊತೆಯವರು ಕೇಳಿದರೆ ಉತ್ತರವಿಲ್ಲ. ಮಾತ್ರೆಯ ಡಬ್ಬಿಯನ್ನು ಅಕ್ಕಿಯ ಗಡಿಗೆಯಲ್ಲಿ ಬಚ್ಚಿಡಬೇಕು. ಮನೆಯಲ್ಲಿ ನೆಂಟರಿದ್ದ ದಿನ ತೆಗೆಯುವಂತಿಲ್ಲ. ಔಷಧವು ಉಚಿತವಾದರೂ ಅದನ್ನು ನುಂಗಲು ಬೇಕಾದ ಧೈರ್ಯವನ್ನು ಆಸ್ಪತ್ರೆ ಒಂದೇ ಕೊಡಲಾರದು.

ನಮ್ಮ ಕನ್ನಡ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಈ ಸೀಮೆಯ ಕಪ್ಪಿಲಿಯರು, ದಿಂಡಿಗಲ್ ಕಡೆಯ ಅನುಪ್ಪರು ಮೊದಲಾದವರು ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನೂ ಹೊರಗೆ ತಮಿಳನ್ನೂ ಆಡುತ್ತ ಬಂದವರು. ಆಪ್ತಸಮಾಲೋಚಕರು ತಿಳಿಸಿದ್ದೆಲ್ಲ ತಮಿಳಿನಲ್ಲಿ ಉಳಿಯುತ್ತದೆ. ಅತ್ತೆಯೊಡನೆ, ತಾಯಿಯೊಡನೆ ಅದನ್ನು ಹೇಳಿಕೊಳ್ಳಲು ಮನೆಮಾತಿನಲ್ಲಿ ‘ಕೆಟ್ಟ ರೋಗ’ ಎಂಬುದನ್ನು ಬಿಟ್ಟು ಬೇರೆ ಹೆಸರಿಲ್ಲದಂತಾಗುತ್ತದೆ. ಆ ಹೆಸರಿನೊಳಗೇ ತೀರ್ಪು ಅಡಗಿರುವುದರಿಂದ ಬಾಯಿ ಕಟ್ಟುತ್ತದೆ. ಸೋಂಕು ಎಂಬ ಸರಳ ಪದವನ್ನು ನಾವು ಮನೆಯೊಳಗೆ ಬಳಕೆಗೆ ತಂದರೆ ಅದೇ ಮೊದಲ ಆರೈಕೆ.

ನಾವು ಮಾಡಬಹುದಾದುದು

1. ಒಬ್ಬರು ನಂಬಿ ಹೇಳಿದ ಗುಟ್ಟನ್ನು ಇನ್ನೊಬ್ಬರ ಕಿವಿಗೆ ಹಾಕದಿರುವುದು. ಅನುಕಂಪದಿಂದ ಹೇಳಿದರೂ ಗುಟ್ಟು ರಟ್ಟಾದಂತೆಯೇ.

2. ಆಸ್ಪತ್ರೆಯ ದಿನ ಅವರ ಮಕ್ಕಳಿಗೆ ಊಟವಿಕ್ಕುವುದು, ಬೇಕೆಂದರೆ ಜೊತೆಗೆ ಹೋಗುವುದು.

3. ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು. ಮುಟ್ಟುವುದರಿಂದ, ಒಂದೇ ತಟ್ಟೆ ಲೋಟ ಬಳಸುವುದರಿಂದ ಸೋಂಕು ಹರಡುವುದಿಲ್ಲ.

4. ಬಿಡದ ಕೆಮ್ಮು, ಜ್ವರ, ತೂಕದ ಇಳಿಕೆ ಕಂಡರೆ ಕ್ಷಯದ ಪರೀಕ್ಷೆಗೆ ಕೂಡಲೇ ಕರೆದೊಯ್ಯುವುದು; ಸೋಂಕಿತರಿಗೆ ಕ್ಷಯವೇ ದೊಡ್ಡ ಶತ್ರು.

5. ಸೋಂಕಿತರ ಮನೆಯ ಮಗು ತರಗತಿಯಲ್ಲಿ ಎಲ್ಲರ ನಡುವೆ ಕುಳಿತುಕೊಳ್ಳುವಂತೆ ನೋಡಿಕೊಳ್ಳುವುದು.

ಕಾನೂನಿನ ಬೆಂಬಲವೂ ಇದೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಉದ್ಯೋಗ, ವಿದ್ಯಾಭ್ಯಾಸ, ಚಿಕಿತ್ಸೆ, ಬಾಡಿಗೆ ಮನೆ ಇವುಗಳಲ್ಲಿ ಭೇದ ಮಾಡುವುದನ್ನು ಅದು ನಿಷೇಧಿಸುತ್ತದೆ. ಮಾಹಿತಿ ಬೇಕಾದವರು 1097 ಸಂಖ್ಯೆಗೆ ಉಚಿತವಾಗಿ ಕರೆಮಾಡಬಹುದು.

ಆದರೆ ಕಾಯಿದೆಯು ಬಾಗಿಲು ಮುಚ್ಚದಂತೆ ತಡೆಯಬಲ್ಲದೇ ಹೊರತು, ಬಾಗಿಲು ತೆರೆದು ‘ಬಾರಮ್ಮ, ಒಳಗೆ ಬಾ’ ಎನ್ನಲಾರದು. ಆ ಮಾತನ್ನು ಆಡಬೇಕಾದವರು ನಾವು. ಒಂದೇ ಬೆಂಚಿನಲ್ಲಿ ಕುಳಿತು ಕಲಿತ ನಮ್ಮ ಹಳೆಯ ವಿದ್ಯಾರ್ಥಿಗಳು ಇನ್ನು ಮುಂದೆ ಯಾರನ್ನೂ ಆ ಬೆಂಚಿನಿಂದ ಏಳಿಸದಿರಲಿ.