ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಹಳೇ ಸೆಟ್ಟಿಂಗ್

ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಸಿಗುವ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಕಂಪನಿಗಳಿಂದ ಹೊರಬಿದ್ದವು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್: ಗಟ್ಟಿ ಮಾಲು. ಡಿಗ್ರಿ ಓದುವ ಮಕ್ಕಳು, ಸಣ್ಣ ಅಂಗಡಿಯವರು ಕೂಡಿಟ್ಟ ದುಡ್ಡಿನಲ್ಲಿ ಕೊಳ್ಳುತ್ತಾರೆ. ಮನೆಗೆ ತಂದರೆ ನೆಟ್ ಬರುವುದಿಲ್ಲ. ಅದರೊಳಗಿನ ಸೆಟ್ಟಿಂಗ್ ಹಾಳಾಗಿರುವುದು ಕಡಿಮೆ. ಹಿಂದಿನ ಆಫೀಸಿಗೆ ಅದು ಸರಿಯಾಗಿಯೇ ಇತ್ತು, ನಿಮ್ಮ ಮನೆಗೆ ಹೊಂದುತ್ತಿಲ್ಲ, ಅಷ್ಟೆ. ಹಾಗಾಗಿ ಅಳಿಸುವ ಮೊದಲು ಓದಬೇಕು ಎಂಬುದು ರಿಪೇರಿ ಕೆಲಸದಲ್ಲಿ ನಾನು ಬಿಡದ ನಿಯಮ.

1. ಮುಟ್ಟುವ ಮುಂಚೆ ಫೋಟೊ ತೆಗೆಯಿರಿ. ಐಪಿ, ಡಿಎನ್‌ಎಸ್, ಪ್ರಾಕ್ಸಿ ಇರುವ ಪರದೆಗಳನ್ನು ಮೊಬೈಲ್‌ನಲ್ಲಿ ಹಿಡಿದಿಟ್ಟುಕೊಂಡರೆ ವಾಪಸ್ ಬರಲು ದಾರಿ ಇರುತ್ತದೆ. ‘ನೆಟ್‌ವರ್ಕ್ ರೀಸೆಟ್’ ಕೊನೆಗಿರಲಿ.

2. ನಿಧಾನವಾಗಿರುವುದು ನೆಟ್ಟೋ ಸಿಸ್ಟಮ್ಮೋ, ಮೊದಲು ತೀರ್ಮಾನಿಸಿ. ಅದೇ ವೈಫೈನಲ್ಲಿ ಮೊಬೈಲ್ ಚೆನ್ನಾಗಿ ಓಡುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಕಾಲಂ ನೋಡಿ. ಹಳೇ ಹಾರ್ಡ್ ಡಿಸ್ಕ್, 4 ಜಿಬಿ ರ್‍ಯಾಮ್ ಇದ್ದ ಕಡೆ ಅದು ಸುಮ್ಮನೆ ಕೂತಾಗಲೂ ಶೇಕಡಾ 100 ತೋರಿಸುತ್ತಿರುತ್ತದೆ. ಅಂಥದ್ದಕ್ಕೆ ಎಸ್‌ಎಸ್‌ಡಿ ಹಾಕಬೇಕು, ರೂಟರ್ ಬದಲಿಸಿ ಪ್ರಯೋಜನವಿಲ್ಲ. ಇನ್ನೊಂದು ಮಾತು: ನಿಧಾನದ ಸಿಸ್ಟಂನಲ್ಲಿ ಮಾಡಿದ ಬದಲಾವಣೆ ಜಾರಿಗೆ ಬರಲು ಹೊತ್ತು ಹಿಡಿಯುತ್ತದೆ. ತಾಳ್ಮೆಗೆಟ್ಟು ಮೂರು ಕಡೆ ಒತ್ತಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಆಮೇಲೆ ಯಾರಿಗೂ ತಿಳಿಯದು. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಕಾಯುವುದು.

3. ಐಪಿ ವಿಳಾಸ ಓದುವುದನ್ನು ಕಲಿಯಿರಿ; ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಪಿಕಾನ್ಫಿಗ್’ ಕೊಟ್ಟಾಗ 169.254 ಎಂದು ಶುರುವಾದರೆ, ಸಿಸ್ಟಂ ವಿಳಾಸ ಕೇಳಿದೆ, ಯಾರೂ ಕೊಟ್ಟಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಕೇಬಲ್, ವೈಫೈ, ರೂಟರ್ ಕಡೆ ನೋಡಿ. ಮನೆಯ ರೂಟರ್ 192.168.1.1 ಆಗಿದ್ದು ಸಿಸ್ಟಂನಲ್ಲಿ 192.168.10.45 ಎಂದು ಕೈಯಲ್ಲಿ ತುಂಬಿದ್ದರೆ, ಅದು ಹಳೇ ಆಫೀಸಿನದು. ಐಪಿವಿ4 ಕಿಟಕಿಯಲ್ಲಿ ವಿಳಾಸ ತಾನಾಗಿಯೇ ಬರುವಂತೆ ಬದಲಿಸಿ. ಡಿಎನ್‌ಎಸ್ ಜಾಗ ಅದೇ ಕಿಟಕಿಯ ಕೆಳಗಿದೆ, ಅದನ್ನು ಮರೆಯುವವರೇ ಹೆಚ್ಚು. ಅಲ್ಲಿ 10ರಿಂದ ಶುರುವಾಗುವ ಕಂಪನಿಯ ವಿಳಾಸ ಉಳಿದಿದ್ದರೆ ಹೊರಗಿನ ವಿಳಾಸವಾದ 8.8.8.8ಕ್ಕೆ ಪಿಂಗ್ (ತಲುಪುತ್ತದೆಯೇ ಎಂದು ನೋಡುವ ಕಮಾಂಡ್) ಹೋಗುತ್ತದೆ, ಸೈಟಿನ ಹೆಸರು ಕೊಟ್ಟರೆ ಮಾತ್ರ ಯಾವುದೂ ತೆರೆಯುವುದಿಲ್ಲ. ಮೊದಲು ರೂಟರ್, ಆಮೇಲೆ 8.8.8.8, ಕೊನೆಗೆ ಒಂದು ಸೈಟಿನ ಹೆಸರು: ಪಿಂಗ್ ಎಲ್ಲಿ ನಿಲ್ಲುತ್ತದೋ ದೋಷ ಹುಡುಕಬೇಕಾದ್ದು ಅಲ್ಲೇ.

4. ಪಿಂಗ್ ಎಲ್ಲವೂ ಸರಿ, ಪೇಜ್ ಮಾತ್ರ ತೆರೆಯುತ್ತಿಲ್ಲ ಎಂದರೆ ಪ್ರಾಕ್ಸಿ ನೋಡಿ. ಪ್ರಾಕ್ಸಿ ಸರ್ವರ್ ಜೊತೆಗೆ ‘ಸೆಟಪ್ ಸ್ಕ್ರಿಪ್ಟ್’ ಸಾಲನ್ನೂ ಆಫ್ ಮಾಡಿ. ಕ್ರೋಮ್ ವಿಂಡೋಸ್‌ನ ಪ್ರಾಕ್ಸಿಯನ್ನೇ ಬಳಸುತ್ತದೆ, ಫೈರ್‌ಫಾಕ್ಸ್ ತನ್ನದೇ ಸೆಟ್ಟಿಂಗ್ ಇಟ್ಟುಕೊಳ್ಳಬಲ್ಲದು. ಆಫ್ ಮಾಡಿದ ಪ್ರಾಕ್ಸಿ ಮತ್ತೆ ತಾನೇ ಆನ್ ಆಗುತ್ತಿದ್ದರೆ ಒಳಗೆ ಹಳೇ ಕಂಪನಿಯ ಪಾಲಿಸಿ ಇದೆ, ಇಲ್ಲವೇ ಮಾಲ್‌ವೇರ್ ಇದೆ. ಆ ಸಿಸ್ಟಂನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಒತ್ತಬೇಡಿ. ವಿಂಡೋಸ್ ಹೊಸದಾಗಿ ಹಾಕಿಸಿ.

5. ಗಡಿಯಾರ ನೋಡಿ. ಒಬ್ಬ ಹುಡುಗಿ ಬಂದಳು: “ಅಣ್ಣಾ, ನೆಟ್ ಇದೆ ಅಂತ ತೋರಿಸ್ತಿದೆ, ಸ್ಕಾಲರ್‌ಶಿಪ್ ಪೇಜ್ ಮಾತ್ರ ಬರ್ತಿಲ್ಲ.” ಪರದೆಯಲ್ಲಿ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಕೆಳಗಿನ ಮೂಲೆಯಲ್ಲಿ ತಾರೀಖು 2015ರ ಜನವರಿ. ಸೈಟಿನ ಸರ್ಟಿಫಿಕೇಟ್‌ಗೆ ಶುರುವಿನ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ಸಿಸ್ಟಂ ಲೆಕ್ಕದಲ್ಲಿ ಅದು ಇನ್ನೂ ಹುಟ್ಟಿಯೇ ಇಲ್ಲ. ತಾರೀಖು ಸರಿಮಾಡಿದ ಕೂಡಲೇ ಪೇಜ್ ಬಂತು. ಆದರೆ ಅಷ್ಟಕ್ಕೇ ಬಿಟ್ಟರೆ ಚಾರ್ಜರ್ ತೆಗೆದಾಗ ಮತ್ತೆ ಅದೇ ಕಥೆ. ಆ ಸಿಸ್ಟಂನ ಮುಖ್ಯ ಬ್ಯಾಟರಿ ಸತ್ತಿತ್ತು, ಒಳಗಿನ ನಾಣ್ಯದಂಥ ಸಿಆರ್ 2032 ಸೆಲ್ಲೂ ಖಾಲಿಯಾಗಿತ್ತು. ಸೆಲ್ ಬದಲಿಸಿದೆ. ಅದು ಹೆಚ್ಚು ಖರ್ಚಿನದಲ್ಲ, ಆದರೂ ಖಾಲಿಯಾದರೆ ಅರ್ಜಿಯ ಕೊನೇ ದಿನದಂದು ಒಂದು ಮಗುವಿನ ವರ್ಷವನ್ನೇ ಕೆಡಿಸಬಲ್ಲದು.

6. ಮೊಬೈಲ್‌ಗೆ ಕಾಣುವ ವೈಫೈ ಹೆಸರು ಲ್ಯಾಪ್‌ಟಾಪ್‌ಗೆ ಕಾಣದಿದ್ದರೆ, ಅದರ ಕಾರ್ಡ್ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವುದಿರಬಹುದು. ರೂಟರ್‌ನಲ್ಲಿ 2.4 ಆನ್ ಮಾಡಿ.

7. ದುಡ್ಡು ಕೊಡುವ ಮೊದಲು, ಅಂಗಡಿಯಲ್ಲೇ, ನಿಮ್ಮ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ವಿಂಡೋಸ್ ರೀಸೆಟ್ ಮಾಡಿಸಿ. ಹೊತ್ತು ಹಿಡಿಯುತ್ತದೆ, ಕಾಯಿರಿ. ಸೆಟಪ್ ನಡುವೆ ಯಾವುದೋ ಕಂಪನಿಯ ಹೆಸರು ಬಂದು ಅದರ ಲಾಗಿನ್ ಕೇಳಿದರೆ ಆ ಲ್ಯಾಪ್‌ಟಾಪ್ ಕಂಪನಿಯ ನೋಂದಣಿಯಲ್ಲಿ ಇನ್ನೂ ಉಳಿದಿದೆ. ಮತ್ತೆ ಮತ್ತೆ ಫಾರ್ಮ್ಯಾಟ್ ಮಾಡಿದರೂ ಅದು ಹೋಗದು. ತೆಗೆಸಬೇಕಾದವರು ಆ ಕಂಪನಿಯವರೇ. ಎಷ್ಟೇ ಅಗ್ಗವಾಗಿದ್ದರೂ ಬಿಟ್ಟು ಬೇರೆಯದನ್ನು ಕೇಳಿ. ವಿಂಡೋಸ್ 11 ಓಡುತ್ತದೆಯೇ ಎಂದೂ ವಿಚಾರಿಸಿ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬಿಲ್ ತಪ್ಪದೆ ತೆಗೆದುಕೊಳ್ಳಿ, ಅದರಲ್ಲಿ ಸೀರಿಯಲ್ ನಂಬರ್ ಬರೆಸಿ.