ಬೇಡದ ವರ್ಗಾವಣೆ ಬಂದಾಗ

ತಮಿಳುನಾಡಿನ ತಿಗನಾರೆ, ತಾಳವಾಡಿ ಸುತ್ತಿನ ಕನ್ನಡ ಶಾಲೆಗಳ ಮೇಷ್ಟ್ರುಗಳೇ, ಟೀಚರಮ್ಮಂದಿರೇ, ಕೇಳದ ವರ್ಗಾವಣೆ ಬಂದರೆ ಮೊದಲು ಆದೇಶದಲ್ಲಿರುವ ಕಾರಣದ ಸಾಲನ್ನು ಬೆರಳಿಟ್ಟು ಓದಿ. ‘ಉಪರಿ’, ಅಂದರೆ ಹೆಚ್ಚುವರಿ ಎಂದಿದೆಯೋ, ‘ಆಡಳಿತ ಕಾರಣ’ ಎಂದಿದೆಯೋ? ಉಪರಿ ಎಂದಿದ್ದರೆ ಹಾಜರಿ ಪುಸ್ತಕ ತೆಗೆದು ಮಕ್ಕಳ ಹೆಸರು ಎಣಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಐದನೇ ತರಗತಿವರೆಗಿನ ಶಾಲೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. 18 ಮಕ್ಕಳಿದ್ದರೂ ಅಷ್ಟೇ.

ನಿಮ್ಮದು ಕನ್ನಡ ಮಾಧ್ಯಮದ ಹುದ್ದೆ ಎಂಬುದನ್ನು ವರ್ಗಾವಣೆ ರದ್ದು ಕೋರುವ ಮನವಿಯಲ್ಲಿ ಬಿಡಿಸಿ ಬರೆಯಿರಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಪಾಠಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ದಿಂಬಂ ಘಾಟಿಯ 27 ತಿರುವು ಇಳಿದು ತಮಿಳು ಶಾಲೆಗೆ ಹೋದ ಕನ್ನಡ ಮೇಷ್ಟ್ರು ಅಲ್ಲಿ ಯಾರಿಗೆ ಕಾಗುಣಿತ ಕಲಿಸಬೇಕು? ಇಲ್ಲಿ ಸ್ಲೇಟು ಹಿಡಿದು ಕೂತ ಮಗುವಿಗೆ ಯಾರು ಕಲಿಸಬೇಕು? ನನಗೆ ನೋವಾಗುವುದು ಇದಕ್ಕೇ.

ಅಮೆರಿಕದಲ್ಲಿ ಎಷ್ಟೋ ಕಡೆ ಯಾರನ್ನು ಮೊದಲು ಎತ್ತಂಗಡಿ ಮಾಡಬೇಕೆಂಬುದು ಶಿಕ್ಷಕರ ಸಂಘ ಮಾಡಿಕೊಂಡ ಒಪ್ಪಂದದಲ್ಲೇ ಇರುತ್ತದೆ. ನಮ್ಮಲ್ಲಿ ಸರ್ಕಾರಿ ಆದೇಶ, ಹಿರಿತನದ ಪಟ್ಟಿ ಇವೇ ಆಸರೆ. ಪಟ್ಟಿಯಲ್ಲಿ ನೀವು ಕೆಲಸಕ್ಕೆ ಸೇರಿದ ದಿನಾಂಕ ತಪ್ಪಿದ್ದರೆ ವರ್ಗಾವಣೆಯ ಕೌನ್ಸೆಲಿಂಗ್‌ಗೆ ಮುಂಚೆಯೇ ತಿದ್ದಿಸಿ. ಮನವಿ ಕೊಟ್ಟಾಗ ಮೊಹರಿರುವ ಸ್ವೀಕೃತಿ ಪಡೆಯಿರಿ, ಸಂಘಕ್ಕೂ ಒಂದು ಪ್ರತಿ ಕೊಡಿ.

ಆದರೆ ಸಿಟ್ಟಿನಲ್ಲಿ ಡ್ಯೂಟಿಗೆ ಹೋಗದೆ ಕೂರಬೇಡಿ. ಮನವಿ ಕೊಟ್ಟ ಮಾತ್ರಕ್ಕೆ ಹೊಸ ಜಾಗಕ್ಕೆ ಹೋಗದಿರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಆದೇಶಕ್ಕೆ ಕೋರ್ಟಿನಿಂದ ತಡೆ ಸಿಗದಿದ್ದರೆ ಹೋಗಿ ಸೇರಿಕೊಳ್ಳಿ, ಹೋರಾಟ ಅಲ್ಲಿಂದಲೂ ನಡೆಯಲಿ. ಊರಿನ ತಂದೆತಾಯಂದಿರ ಸಹಿ ಇರುವ ಅರ್ಜಿ ಬೇರೆಯಾಗಿಯೇ ಹೋಗಲಿ.