ಹಳೆಯ ಮೋಟಾರಿನಲ್ಲಿ ಬಿಸಿಗಾಳಿಯ ಏರ್ಪಾಡು

ನೀರಿನಿಂದ ತಣಿಯುವ ಎಂಜಿನುಳ್ಳ ಗಾಡಿಗಳಲ್ಲಿ ಕಾದ ನೀರನ್ನೇ ಸಣ್ಣದೊಂದು ಪೆಟ್ಟಿಗೆಗೆ ಹಾಯಿಸಿ ಒಳಗೆ ಕುಳಿತವರನ್ನು ಬೆಚ್ಚಗಿಡಬಹುದು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಗಾಡಿಗೆ ಆ ಅನುಕೂಲವಿಲ್ಲ. ಫರ್ಡಿನಾಂಡ್ ಪೋರ್ಷೆಯವರು 1930ರ ದಶಕದಲ್ಲಿ ರೂಪಿಸಿದ ಈ ಗಾಡಿಯ ಎಂಜಿನು ಹಿಂಬದಿಯಲ್ಲಿದೆ. ಅದನ್ನು ತಣಿಸುವುದು ಬೀಸಣಿಗೆಯ ಗಾಳಿ. ಹಾಗಾದರೆ ಹಿಮ ಸುರಿಯುವ ಆ ನಾಡಿನಲ್ಲಿ ಪ್ರಯಾಣಿಕರ ಚಳಿ ನೀಗುವುದೆಂತು?

ಮೊದಲಿನ ಗಾಡಿಗಳಲ್ಲಿ ಸಿಲಿಂಡರುಗಳನ್ನು ಸವರಿ ಬಿಸಿಯಾದ ಗಾಳಿಯನ್ನೇ ಒಳಕ್ಕೆ ಬಿಡುತ್ತಿದ್ದರು. ಎಂಜಿನಿನಲ್ಲಿ ಎಣ್ಣೆ ಸೋರಿದರೆ ಅದರ ಕಮಟು ವಾಸನೆಯೂ ಜೊತೆಗೆ ಬರುತ್ತಿತ್ತು. 1963ರ ಮಾದರಿಯಿಂದ ಈ ಕ್ರಮ ಬದಲಾಯಿತು. ಬೀಸಣಿಗೆಯ ಕವಚದಿಂದ ಹೊರಟ ಎರಡು ಕೊಳವೆಗಳು ಶುದ್ಧವಾದ ಗಾಳಿಯನ್ನು, ಹೊಗೆಕೊಳವೆಗಳನ್ನು ಸುತ್ತುವರಿದ ಉಷ್ಣಪೆಟ್ಟಿಗೆಗಳಿಗೆ ನೇರವಾಗಿ ಒಯ್ಯುತ್ತವೆ. ನಮ್ಮ ಬಚ್ಚಲಮನೆಯ ಹಂಡೆಯನ್ನು ನೆನೆಯೋಣ. ಬೆಂಕಿ ಹೊರಗೆ, ನೀರು ಒಳಗೆ; ಎರಡೂ ಬೆರೆಯವು, ತಾಮ್ರವನ್ನು ದಾಟುವುದು ಶಾಖ ಮಾತ್ರ. ಇಲ್ಲಿ ಹೊಗೆ ಒಳಗೆ, ಗಾಳಿ ಹೊರಗೆ, ಅಷ್ಟೇ ಭೇದ.

1961–62ರ ಗಾಡಿಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ಅವಕ್ಕೆ ಈ ಹೊಸ ಏರ್ಪಾಡನ್ನು ಜೋಡಿಸುವುದುಂಟು. ಅದಕ್ಕಾಗಿ ಎಂಜಿನನ್ನು ಇಳಿಸಿ, ಬೀಸಣಿಗೆಯ ಕವಚವನ್ನೂ ಹಳೆಯ ಪೆಟ್ಟಿಗೆಗಳನ್ನೂ ಬಿಚ್ಚಬೇಕು. ಅಪಾಯವಿರುವುದು ಇಲ್ಲಿಯೇ.

ಎಂಜಿನು ಪೂರ್ತಿ ಆರಿದ ಮೇಲೆ ಕೆಲಸಕ್ಕೆ ಕೈಹಚ್ಚಬೇಕು. ಹಿಂದಿನ ಆಸನದ ಕೆಳಗಿರುವ ಬ್ಯಾಟರಿಯಿಂದ, ಗಾಡಿಯ ಮೈಗೆ ಕೂಡಿಸಿದ ತಂತಿಯನ್ನು ಮೊದಲು ತೆಗೆಯುವುದು ಪದ್ಧತಿ. ಇನ್ನೊಂದನ್ನು ಮೊದಲು ಬಿಚ್ಚಹೊರಟರೆ, ಸ್ಪ್ಯಾನರು ಗಾಡಿಯ ಮೈಗೆ ತಗುಲಿದೊಡನೆ ವಿದ್ಯುತ್ತು ಅದರ ಮೂಲಕ ಹರಿದು ಕಿಡಿ ಹಾರುತ್ತದೆ. ಪೆಟ್ರೋಲಿನ ಆವಿಗೆ ಆ ಒಂದು ಕಿಡಿ ಸಾಕು. ಅನಂತರ ಪೆಟ್ರೋಲಿನ ರಬ್ಬರು ಕೊಳವೆಯನ್ನು ಕಳಚಿ ಅದರ ಬಾಯನ್ನು ಬಿಗಿಯಾಗಿ ಮುಚ್ಚಬೇಕು. ಬೀಡಿ, ಸಿಗರೇಟು, ಉರಿಯುವ ದೀಪ ಇವಾವುವೂ ಆ ಕೊಟ್ಟಿಗೆಯಲ್ಲಿ ಇರಕೂಡದು.

ಎಂಜಿನು ಗೇರುಪೆಟ್ಟಿಗೆಗೆ ನಾಲ್ಕೇ ಕಡೆ ಬಿಗಿದಿರುತ್ತದೆ. ನಾಲ್ಕೇ ಎಂದು ಅಸಡ್ಡೆ ಮಾಡುವಂತಿಲ್ಲ. ಅದರ ಭಾರ ಹೆಚ್ಚುಕಡಮೆ ಒಂದು ಕ್ವಿಂಟಾಲು. ಗಾಡಿಯ ಹಿಂಭಾಗವನ್ನು ಎತ್ತಿ ಗಟ್ಟಿಯಾದ ಆಧಾರಗಳ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡ್ಡೆ ಕೊಟ್ಟು, ಎಂಜಿನಿನ ಅಡಿಗೆ ಚಕ್ರವುಳ್ಳ ಜಾಕಿಯನ್ನು ಹೊಂದಿಸಿದ ಮೇಲೆಯೇ ಕೊನೆಯ ನಟ್ಟನ್ನು ಸಡಿಲಿಸುವುದು. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಮೈಯೊಡ್ಡುವುದು ಸಾಹಸವಲ್ಲ, ಅವಿವೇಕ. ಎಂಜಿನನ್ನು ಮೊದಲು ನೇರವಾಗಿ ಹಿಂದಕ್ಕೆಳೆದು ಬಳಿಕ ಇಳಿಸಬೇಕು. ಓರೆಯಾಗಿ ಜಗ್ಗಿದರೆ ಗೇರುಪೆಟ್ಟಿಗೆಯ ದಂಡಕ್ಕೂ ಕ್ಲಚ್ಚಿನ ತಟ್ಟೆಗೂ ಪೆಟ್ಟು. ಹಳೆಯ ಕ್ಲಚ್ಚಿನ ಹೊದಿಕೆಯಲ್ಲಿ ಕಲ್ನಾರು ಇರುವ ಸಂಭವವಿದೆ. ಆದುದರಿಂದ ಆ ಧೂಳನ್ನು ಬಾಯಿಂದ ಊದದೆ ಒದ್ದೆಯ ಬಟ್ಟೆಯಿಂದ ಒರಸುವುದು ಲೇಸು.

ಬೀಸಣಿಗೆಯ ಕವಚವನ್ನು ಎತ್ತುವ ಮುನ್ನ ಬಲಬದಿಯ ಸಿಲಿಂಡರುಗಳ ಕೆಳಗಿರುವ ಉಷ್ಣನಿಯಂತ್ರಕವನ್ನು ಅದರ ಸಲಾಕೆಯಿಂದ ಬಿಡಿಸಬೇಕು. ಇದನ್ನು ಮರೆತವರೇ ಕವಚವನ್ನು ಬಲವಾಗಿ ಎಳೆದು ಸಲಾಕೆಯನ್ನು ಬಗ್ಗಿಸುವುದು. ಕವಚದೊಳಗೆ ಎಣ್ಣೆಯನ್ನು ತಣಿಸುವ ಭಾಗವೂ ನಿಂತಿರುವುದರಿಂದ, ಕವಚವನ್ನು ಅಲುಗಾಡಿಸದೆ ನೇರವಾಗಿ ಮೇಲೆತ್ತಬೇಕು.

ಹೊಗೆಕೊಳವೆಯ ನಟ್ಟುಗಳು ವರ್ಷಾನುಗಟ್ಟಲೆ ಕಾದು ತುಕ್ಕು ಹಿಡಿದಿರುತ್ತವೆ. ಸಿಲಿಂಡರಿನ ತಲೆ ಅಲ್ಯೂಮಿನಿಯಮ್ಮಿನದು. ಬಲವಂತಪಡಿಸಿದರೆ ಅದರೊಳಗಿನ ತಿರುಪುಗಂಬಿಯೇ ಮುರಿದೀತು. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಚ್ಚಿ, ಮರುದಿನ ಸ್ವಲ್ಪ ಸಡಿಲಿಸಿ, ಸ್ವಲ್ಪ ಬಿಗಿದು, ಪುನಃ ಸಡಿಲಿಸಬೇಕು. ಬೆಂಕಿಯ ಜ್ವಾಲೆಯಿಂದ ಕಾಯಿಸುವವರೂ ಇದ್ದಾರೆ. ಎಂಜಿನಿನ ಒಡಲು ಮೆಗ್ನೀಷಿಯಮ್ ಮಿಶ್ರಲೋಹವಾದ್ದರಿಂದ ನಾವು ಅದನ್ನು ಒಪ್ಪೆವು. ಮೆಗ್ನೀಷಿಯಮ್ ಒಮ್ಮೆ ಹೊತ್ತಿಕೊಂಡರೆ ನೀರೆರಚುವುದರಿಂದ ಉರಿ ಇನ್ನೂ ಹೆಚ್ಚುತ್ತದೆ.

ಹೊಸದಾಗಿ ಕೂಡಿಸುವ ಉಷ್ಣಪೆಟ್ಟಿಗೆ ಬಳಸಿದ್ದಾದರೆ ಅದರ ಒಳಗೊಳವೆಯನ್ನು ದೀಪ ಹಿಡಿದು ಪರೀಕ್ಷಿಸಬೇಕು. ತುಕ್ಕಿನಿಂದ ಒಂದು ಸೂಜಿರಂಧ್ರ ಬಿದ್ದಿದ್ದರೂ ಹೊಗೆ ಬಿಸಿಗಾಳಿಯೊಡನೆ ಬೆರೆತು ಪ್ರಯಾಣಿಕರನ್ನು ಮುಟ್ಟುತ್ತದೆ. ಆ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಾಲಿಗೂ ಮಿಗಿಲಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ತೂಕಡಿಕೆ, ಆಮೇಲೆ ಎಚ್ಚರ ತಪ್ಪುವುದು. ಕಿಟಕಿ ಮುಚ್ಚಿದ ಗಾಡಿಯಲ್ಲಿ ಹಿಂದಿನ ಆಸನದಲ್ಲಿರುವ ಮಕ್ಕಳು ನಿದ್ರಿಸುತ್ತಿರುವರೆಂದೇ ತಂದೆತಾಯಿಗಳು ಭಾವಿಸಿಯಾರು. ಆದುದರಿಂದ ತೂತುಬಿದ್ದ ಪೆಟ್ಟಿಗೆಗೆ ತೇಪೆ ಹಾಕದೆ ಬೇರೊಂದನ್ನೇ ತರಬೇಕು. ಎಲ್ಲವನ್ನೂ ಮರಳಿ ಜೋಡಿಸಿದ ಮೇಲೆ ಎಂಜಿನನ್ನು ಮೊದಲ ಸಲ ನಡೆಯಿಸುವುದು ಬಯಲಿನಲ್ಲಿ, ಬಾಗಿಲುಗಳನ್ನು ತೆರೆದಿಟ್ಟು.